ಮಹಡಿಗೆ ಹೋಗದ ಉಸಿರು

ನಮ್ಮ ಪ್ರಾಣಿಗಳು ಇದ್ದದ್ದು ರೋಗಿಗಳ ತಲೆಯ ಮೇಲೆ. ಮಾತಿಗೆ ಹೇಳುತ್ತಿಲ್ಲ, ಕಟ್ಟಡವೇ ಹಾಗಿತ್ತು. ಚನ್ನಗಿರಿಯ ಅಡಿಕೆ ಮಂಡಿಗಳ ಗದ್ದಲ ಮುಗಿಯುವ ಕಡೆ ಒಂದು ಹಳೆಯ ಎದೆರೋಗದ ಆಸ್ಪತ್ರೆ. ಕೆಳಗೆ ಹೆಂಗಸರ ಮೂರು ಮಂಚದ ವಾರ್ಡು, ಒಬ್ಬರ ಗಾಳಿ ಇನ್ನೊಬ್ಬರದಕ್ಕೆ ಬೆರೆಯದಂತೆ ಮಂಚಗಳ ನಡುವೆ ತಿಳಿ ಪ್ಲಾಸ್ಟಿಕ್ ಪರದೆ, ಮೇಲೆ ಹೊಸದಾಗಿ ಎಬ್ಬಿಸಿದ ಎರಡು ಕೋಣೆಗಳಲ್ಲಿ ಗಿನಿಪಿಗ್‌ಗಳು. ಪ್ರತಿ ಮಂಚದ ತಲೆದಿಂಬಿನ ಮೇಲ್ಗಡೆ ಗೋಡೆಯಲ್ಲಿ ಒಂದು ಜಾಲರಿ, ಅದರ ಹಿಂದೆ ತಗಡಿನ ಕೊಳವೆ, ಕೊಳವೆಯ ತುದಿಗೆ ಫ್ಯಾನು. ಕೆಳಗಿನವರು ಬಿಟ್ಟ ಗಾಳಿಯನ್ನು ಮೇಲಿನವು ಉಸಿರಾಡಬೇಕು. ದಟ್ ವಾಸ್ ದ ಹೋಲ್ ಡಿಸೈನ್. ಒಂದು ಕೋಣೆಗೆ ಆ ಗಾಳಿ ಇದ್ದಂತೆಯೇ ಹೋಗುತ್ತಿತ್ತು, ಇನ್ನೊಂದಕ್ಕೆ ಫಿಲ್ಟರಿನಲ್ಲಿ ಸೋಸಿ ಹೋಗುತ್ತಿತ್ತು.

ಕೇಳುವವರಿಗೆ ಇದು ಕ್ರೂರ ಅನ್ನಿಸುತ್ತದೆ. ನನಗೂ ಒಮ್ಮೊಮ್ಮೆ ಅನ್ನಿಸಿದೆ. ಆದರೆ ಕ್ಷಯದ ರೋಗಾಣು ವಾರ್ಡಿನ ಗಾಳಿಯಲ್ಲಿ ಎಷ್ಟು ವಿರಳವಾಗಿ ತೇಲುತ್ತದೆಂದರೆ ಯಂತ್ರಗಳ ಕೈಗೆ ಅದು ಸಿಗುವುದು ಕಷ್ಟ. ಗಿನಿಪಿಗ್‌ನ ಶ್ವಾಸಕೋಶಕ್ಕೆ ಮಾತ್ರ ಒಂದೆರಡು ಕಣ ಸಾಕು. ಔಷಧಿಗೆ ಜಗ್ಗದ ಕ್ಷಯದವರಿಗೆ ಈಗ ಹೊಸ ಗುಳಿಗೆಗಳು ಬಂದಿವೆ. ಅವನ್ನು ಶುರುಮಾಡಿದ ಎಷ್ಟು ಕಾಲಕ್ಕೆ ರೋಗಿಯ ಉಸಿರಿನಿಂದ ಇನ್ನೊಬ್ಬರಿಗೆ ಅಪಾಯವಿಲ್ಲ ಅನ್ನಬಹುದು? ಅಷ್ಟು ತಿಳಿದರೆ ತಾಯಂದಿರನ್ನು ಮಕ್ಕಳಿಂದ ಸುಮ್ಮನೆ ತಿಂಗಳುಗಟ್ಟಲೆ ದೂರ ಇಡಬೇಕಿಲ್ಲ. ಆ ಒಂದು ಪ್ರಶ್ನೆಗಾಗಿ, ಪ್ರಯೋಗಾಲಯದ ಪ್ರಾಣಿಗಳನ್ನು ನೋಡಿಕೊಂಡು ರಿಟೈರ್ ಆಗಿ ಮನೆಯಲ್ಲಿ ಕ್ರೋಶೆ ಹೆಣೆಯುತ್ತಿದ್ದ ಪಶುವೈದ್ಯೆಯಾದ ನನ್ನನ್ನು ಪ್ರಾಣಿಗಳ ಹೊಣೆಗೆ ಕರೆದರು. ನಾನೂ ಕುಣಿದುಕೊಂಡು ಹೋದೆ, ಮಂಡಿ ನೋವಿದ್ದರೂ.

ವಾರ್ಡಿನಲ್ಲಿ ಮೂವರು. ಬಾಗಿಲ ಪಕ್ಕ ಹೊನ್ನಾಳಿಯವಳು, ಬಸ್ ಸ್ಟ್ಯಾಂಡಿನ ಎದುರು ಗಂಡನ ಜೊತೆ ಟೀ ಹೋಟೆಲು ನಡೆಸುತ್ತಿದ್ದವಳು, ದೊಡ್ಡ ಬಾಯಿ. ನಡುವೆ ನ್ಯಾಮತಿಯ ಅಂಗನವಾಡಿ ಸಹಾಯಕಿ, ಸದಾ ಏನಾದರೂ ಹೊಲಿಯುತ್ತಿದ್ದಳು. ಇವರಿಬ್ಬರೂ ಬಹಳ ದಿನದಿಂದ ಗುಳಿಗೆ ನುಂಗಿ ಹುಷಾರಾಗುತ್ತ ಬಂದವರು. ಅವರ ಕಫದಲ್ಲಿ ರೋಗಾಣು ಬೆಳೆಯುವುದು ನಿಂತಿತ್ತು. ಕೊನೆಯ ಮಂಚಕ್ಕೆ ಬಂದವಳು ಮಾತ್ರ ಹೊಸಬಳು. ಜಗಳೂರು ತಾಲ್ಲೂಕಿನ ಸೊಕ್ಕೆಯವಳು, ಇಪ್ಪತ್ತೈದು ದಾಟಿರಲಿಕ್ಕಿಲ್ಲ. ಗಂಡ ಪಂಚಾಯ್ತಿಯಲ್ಲಿ ನೀರಗಂಟಿ. ಮನೆಯಲ್ಲಿ ಅತ್ತೆ, ನಾಲ್ಕಾರು ಕುರಿ, ಇನ್ನೂ ಅಂಬೆಗಾಲಿಡದ ಒಂದು ಹೆಣ್ಣು ಮಗು. ಮಲಗುವುದು ಎಲ್ಲರೂ ಒಂದೇ ಕೋಣೆಯಲ್ಲಿ. ರೋಗ ಗೊತ್ತಾದ ದಿನವೇ ಅತ್ತೆ ಮಗುವನ್ನು ತನ್ನ ಮಗ್ಗುಲಿಗೆ ಹಾಕಿಕೊಂಡು, ಸೊಸೆಯನ್ನು ಬಸ್ ಹತ್ತಿಸಿದ್ದಳು. ಮಗುವಿಗೆ ಎದೆಹಾಲು ಬಿಡಿಸಿದ್ದೂ ಅದೇ ದಿನ.

ಒಪ್ಪಿಗೆ ಪಡೆಯುವುದು ಈ ಕೆಲಸದಲ್ಲಿ ದೊಡ್ಡ ಶಾಸ್ತ್ರ. ಮಾಸ್ಕ್ ಕಟ್ಟಿಕೊಂಡು ನಾನೇ ಹೋಗಿ ಕೂತು ವಿವರಿಸಿದೆ. ಕೊಳವೆ, ಫ್ಯಾನು, ಮೇಲಿನ ಕೋಣೆ.

"ಅಂದ್ರೆ ನಮ್ಮ ಉಸಿರು ಕುಡ್ಕೊಂಡು ಅವು ಸಾಯ್ತಾವೇನ್ರಿ ಮೇಡಂ?" ಸೊಕ್ಕೆಯವಳು ಕೇಳಿದಳು.

"ಕೆಲವಕ್ಕೆ ರೋಗ ಬರಬಹುದಮ್ಮ. ಬಂದರೆ ನರಳುವುದಕ್ಕೆ ಬಿಡುವುದಿಲ್ಲ. ನಿದ್ದೆ ಬರಿಸಿ ಮುಗಿಸುತ್ತೇವೆ."

ಅವಳು ಜಾಲರಿಯನ್ನೇ ನೋಡುತ್ತ, "ಗಂಡೋ ಹೆಣ್ಣೋ?" ಅಂದಳು.

"ಎಲ್ಲಾ ಹೆಣ್ಣು. ಗಂಡುಗಳು ಒಟ್ಟಿಗೆ ಇದ್ದರೆ ಕಚ್ಚಾಡುತ್ತವೆ."

"ಅದಕ್ಕೇ ಮತ್ತೆ," ಹೊನ್ನಾಳಿಯವಳು ಬಾಗಿಲ ಕಡೆಯಿಂದ ಬಾಯಿ ಹಾಕಿದಳು. "ಹೆಣ್ಣಾದ್ರೆ ಎಂಥ ಗಾಳಿ ಕೊಟ್ರೂ ಕುಡೀತಾವೆ ಅಂತ ಗೊತ್ತು ಇವರಿಗೆ. ನಮ್ ತಲೆ ಮ್ಯಾಲೆ ಬಾಡಿಗೆಗೆ ಇಟ್ಟೀರಲ್ಲ ಮೇಡಂ, ಬಾಡಿಗೆ ಯಾರಿಗೆ ಕೊಡ್ತಾವೆ?"

ಅಂದಿನಿಂದ ವಾರ್ಡಿನಲ್ಲಿ ಅವಕ್ಕೆ 'ಬಾಡಿಗೇರು' ಎಂದೇ ಹೆಸರಾಯಿತು. ಬೆಳಿಗ್ಗೆ ಇಳಿದು ಬಂದರೆ ಮೊದಲ ಪ್ರಶ್ನೆ, ಬಾಡಿಗೇರು ಎದ್ರೇನ್ರಿ? ನಾನು ಕಲಿತ ಕಾನ್ವೆಂಟಿನಲ್ಲಿ ನಗುವುದಕ್ಕೂ ಒಂದು ಅಳತೆ ಇತ್ತು. ಈ ಹೆಂಗಸರು ಕೆಮ್ಮುತ್ತಲೇ ನಗುತ್ತಿದ್ದರು, ನಕ್ಕು ಮತ್ತೆ ಕೆಮ್ಮುತ್ತಿದ್ದರು.

ಕೆಲಸ ಅಂದರೆ ಬಹುಪಾಲು ಮನೆವಾರ್ತೆ. ಗಿನಿಪಿಗ್‌ಗೆ ಮನುಷ್ಯರ ಹಾಗೆಯೇ ವಿಟಮಿನ್ ಸಿ ಹೊರಗಿನಿಂದಲೇ ಬೇಕು, ಇಲ್ಲದಿದ್ದರೆ ವಸಡು ಸೋರಿ, ಕೀಲು ಬಾತು ಸಾಯುತ್ತವೆ. ಆಗ ಯಾವುದು ರೋಗ, ಯಾವುದು ನಮ್ಮ ಅಲಕ್ಷ್ಯ ಅಂತ ಹೇಳುವುದೇ ಕಷ್ಟ. ಪ್ರಾಣಿಕೋಣೆಯ ಅಟೆಂಡರ್ ಕತ್ತಲಗೆರೆಯವನು. ತನ್ನ ಹೊಲದ ಬದುವಿನಲ್ಲಿ ಕುದುರೆಮೆಂತೆ ಸೊಪ್ಪು ಬೆಳೆದು, ಬೈಕಿನ ಹಿಂದೆ ಕಟ್ಟಿಕೊಂಡು ತರುತ್ತಿದ್ದ. ಪ್ಲಾಸ್ಟಿಕ್ ಚೀಲ ಸರಸರ ಅಂದರೆ ಸಾಕು, ಎರಡೂ ಕೋಣೆಗಳಿಂದ ಸಿಳ್ಳೆ ಹಾಕಿದಂಥ ಕೂಗು ಏಳುತ್ತಿತ್ತು. ಸೊಪ್ಪು ಕೊಟ್ಟ ಮೇಲೆ ಅಂಗೈ ಅಗಲದ ಮೀಟರು ಹಿಡಿದು ಕೆಳಗಿಳಿದು, ಮೂರು ಜಾಲರಿಗಳ ಮುಂದೆಯೂ ಹಿಡಿದು ಗಾಳಿಯ ಓಟ ಬರೆದುಕೊಳ್ಳುತ್ತಿದ್ದ. "ಗಾಳಿ ಸರಿಗೈತೆ ಮೇಡಂ." ಇದು ನಮ್ಮ ಗುಡ್ ಮಾರ್ನಿಂಗ್.

ತಿಂಗಳಿಗೊಮ್ಮೆ ಚರ್ಮದ ಪರೀಕ್ಷೆ. ಪ್ರಾಣಿಯನ್ನು ಟವೆಲಿನಲ್ಲಿ ಸುತ್ತಿ, ಪಕ್ಕೆಯ ಕೂದಲು ಕತ್ತರಿಸಿ, ನುಣ್ಣಗಾದ ಚರ್ಮದ ಪದರದೊಳಗೆ ಒಂದು ಹನಿ ಟ್ಯೂಬರ್ಕುಲಿನ್ ಏರಿಸಬೇಕು. ಸೂಜಿ ಒಂದು ಕೂದಲೆಳೆಯಷ್ಟು ಆಳಕ್ಕೆ ಹೋದರೂ ಕೆಟ್ಟಿತು. ಮರುದಿನ ಬೆರಳಿನಿಂದ ಒತ್ತಿ, ಗಟ್ಟಿಯಾದ ಉಬ್ಬು ಸಿಕ್ಕರೆ ಕ್ಯಾಲಿಪರಿನಿಂದ ಅಳೆಯುವುದು. ರೋಗಾಣು ಒಳಹೊಕ್ಕಿದ್ದರೆ ಮೈ ಅದನ್ನು ಗುರುತಿಟ್ಟುಕೊಂಡಿರುತ್ತದೆ, ಚುಚ್ಚಿದ ಕಡೆ ಕೋಪ ಮಾಡಿಕೊಂಡಂತೆ ಉಬ್ಬುತ್ತದೆ. ನನ್ನ ಕೈ ಈಗ ಸಣ್ಣಗೆ ನಡುಗುತ್ತದೆ, ಆದರೆ ಸೂಜಿ ಹಿಡಿದರೆ ನಿಲ್ಲುತ್ತದೆ. ಅದೊಂದು ವರ.

ಸೊಕ್ಕೆಯವಳು ಬಂದ ಮೇಲಿನ ಮೊದಲ ಪರೀಕ್ಷೆಯಲ್ಲಿ ಒಂದೂ ಉಬ್ಬಲಿಲ್ಲ. ಸೋಸಿದ ಗಾಳಿಯ ಕೋಣೆಯಲ್ಲಿ ಉಬ್ಬಬಾರದು, ಸರಿ. ನೇರ ಗಾಳಿಯ ಕೋಣೆಯಲ್ಲಿ ಒಂದಾದರೂ? ಚಿಕಿತ್ಸೆಯ ಮೊದಲ ವಾರಗಳಲ್ಲಿ ಒಂದೆರಡು ಉಬ್ಬಬೇಕು ಅಂತ ನನ್ನ ಅನುಭವ ಹೇಳುತ್ತಿತ್ತು. ಟ್ಯೂಬರ್ಕುಲಿನ್ನೇ ಕೆಟ್ಟಿರಬೇಕು ಅಂದುಕೊಂಡೆ, ಬೇಸಿಗೆ ಶುರುವಾಗಿ ಕರೆಂಟು ಹೋಗಿಬಂದು ಮಾಡುತ್ತಿತ್ತು, ಫ್ರಿಜ್ಜಿನ ಮೇಲೆ ನಂಬಿಕೆ ಇರಲಿಲ್ಲ. ಹೊಸ ವಯಲ್ ತರಿಸಿದೆ. ಉಬ್ಬಲೇಬೇಕೆಂದು ಕ್ಷಯದ ಲಸಿಕೆ ಬಿಸಿಜಿ ಚುಚ್ಚಿ ಬೇರೆ ಕಡೆ ಸಿದ್ಧಮಾಡಿಟ್ಟಿದ್ದ ಒಂದು ಪ್ರಾಣಿಗೆ ಎರಡೂ ವಯಲ್‌ಗಳಿಂದ ಏರಿಸಿ ನೋಡಿದೆ. ಎರಡೂ ಕಡೆ ಚೆನ್ನಾಗಿಯೇ ಉಬ್ಬಿತು. ಅಂದರೆ ಔಷಧ ಸರಿ ಇದೆ. ಕೊಳವೆಯ ಜೋಡಣೆಗಳಿಗೆ ಊದಿನಕಡ್ಡಿ ಹಿಡಿದು ಹೊಗೆ ಎಲ್ಲಾದರೂ ಸೋರುತ್ತದೆಯೋ ನೋಡಿದೆವು. ಫ್ಯಾನಿನ ಬೆಲ್ಟು ಬದಲಿಸಿದೆವು. ಎಲ್ಲಾ ಸರಿ ಇತ್ತು.

ಎರಡನೇ ಪರೀಕ್ಷೆಯಲ್ಲೂ ಒಂದೂ ಉಬ್ಬಲಿಲ್ಲ.

ವಾರ್ಡಿನ ಡಾಕ್ಟರು ನನ್ನ ಮಗನ ವಯಸ್ಸಿನವರು, ಎದೆರೋಗದಲ್ಲೇ ಓದಿದವರು, ಪ್ರಾಮಾಣಿಕ. "ಮೇಡಂ, ಹೊಸ ಗುಳಿಗೆ ಅಷ್ಟು ಬೇಗ ಕೆಲಸ ಮಾಡುತ್ತಿದೆ ಅಂತ ಯಾಕೆ ಅಂದುಕೊಳ್ಳಬಾರದು?" ಅಂದರು. ಅಂದುಕೊಳ್ಳಬಹುದಿತ್ತು. ಅವಳ ಕಫ ಬಹಳ ಕಡಿಮೆ, ಗಾಜಿನ ಮೇಲೆ ಸವರಿ ನೋಡಿದರೆ ರೋಗಾಣು ಕಾಣುತ್ತಿರಲಿಲ್ಲ. ಬೆಳೆಸಿ ನೋಡುವ ಕಲ್ಚರಿಗೆ ಎರಡು ಸಲವೂ ಬೂಷ್ಟು ಹಿಡಿದು ವ್ಯರ್ಥವಾಗಿತ್ತು, ಮೂರನೆಯದು ಬರಲು ಇನ್ನೂ ವಾರಗಳು ಬೇಕಿತ್ತು. ನಿಯಮದ ಪ್ರಕಾರ ಕಫ ಪರೀಕ್ಷೆ ಸಾಕು, ಕಳಿಸಬಹುದು. ಆದರೆ ಮನೆಯಲ್ಲಿ ಕೂಸು ಇರುವುದರಿಂದ ಡಾಕ್ಟರಿಗೂ ಅಳುಕು. ಅವಳ ಅತ್ತೆಯೂ ಫೋನಿನಲ್ಲಿ ಖಡಾಖಂಡಿತ ಹೇಳಿದ್ದಳು, "ಕೂಸಿಗೆ ಏನೂ ಆಗಲ್ಲ ಅಂತ ಬಾಯಿಬಿಟ್ಟು ಹೇಳ್ರಿ, ಆವಾಗ ಕರ್ಕಂತೀನಿ." ಡಾಕ್ಟರು ನನ್ನ ಕಡೆ ನೋಡಿದರು. "ನಿಮ್ಮ ಪ್ರಾಣಿಗಳು ಏನನ್ನುತ್ತವೆ?"

ನನ್ನ ಪ್ರಾಣಿಗಳು ಎಲ್ಲವೂ ಚೆನ್ನಾಗಿದ್ದವು.

ಏಪ್ರಿಲ್ ಹದಿನಾಲ್ಕರ ಜಯಂತಿಗೆ ಮುಂಚೆ ಅವಳನ್ನು ಕಳಿಸುವುದೆಂದಾಯಿತು. ಅವರ ಮನೆಯವರು ಬೌದ್ಧರು. ಜಯಂತಿ ಅಂದರೆ ಅವರ ಕೇರಿಗೆ ದೊಡ್ಡ ಹಬ್ಬ. ಮಗುವಿಗೆ ಅಜ್ಜಿ ನೀಲಿ ಫ್ರಾಕು ಹೊಲಿಸಿದ್ದಳಂತೆ. ನ್ಯಾಮತಿಯವಳು ಆಸ್ಪತ್ರೆಯ ಹಳೆ ದುಪ್ಪಟಿಯಲ್ಲಿ ಒಂದು ಕುಲಾವಿ ಹೊಲಿದುಕೊಟ್ಟಳು. "ಬಿಸಿನೀರಿನಾಗೆ ಕುದಿಸಿ ಹಾಕೇ, ನಮ್ ಕೈ ಮುಟ್ಟಿದ್ದು," ಅಂದಳು.

ಹೊರಡುವ ಹಿಂದಿನ ಮಧ್ಯಾಹ್ನ ಸುದ್ದಿಯನ್ನು ನಾನೇ ಹೇಳಬೇಕು ಅನ್ನಿಸಿ ಕೆಳಗಿಳಿದೆ. ವ್ಯಾನಿಟಿ ಅಂತಲೇ ಅನ್ನಿ. ಇಷ್ಟು ವರ್ಷ ಪ್ರಾಣಿಗಳ ಸಾವನ್ನೇ ಬರೆದವಳಿಗೆ ಒಮ್ಮೆ ಒಳ್ಳೆಯದನ್ನು ಹೇಳುವ ಆಸೆ.

"ನೋಡಮ್ಮ, ಮೇಲಿನವು ಎಲ್ಲಾ ಹುಷಾರಾಗಿವೆ. ನಿನ್ನ ಉಸಿರಿನಿಂದ ಒಂದಕ್ಕೂ ಏನೂ ಆಗಿಲ್ಲ. ಧೈರ್ಯವಾಗಿ ಹೋಗಿ ಮಗುವನ್ನು ಎತ್ತಿಕೋ."

ಅವಳು ಬಟ್ಟೆ ಮಡಿಸುತ್ತಿದ್ದವಳು ನಿಂತಳು. "ಅವಕ್ಕೆ ಬಂದಿಲ್ಲ ಅಂದ್ರೆ ನನ್ ಮಗೀಗೂ ಬರಲ್ಲ ಅಂತ ಲೆಕ್ಕಾನೇನ್ರಿ?"

"ಹೌದಮ್ಮ. ಅದಕ್ಕೇ ಅಲ್ಲವಾ ಅವನ್ನು ಅಲ್ಲಿ ಇಟ್ಟಿರುವುದು."

"ನೀವು ಹಂಗ್ ಹೇಳಿರ್ಲಿಲ್ಲ. ಗಾಳಿ ನೋಡಾಕೆ ಅಂದಿದ್ರಿ."

"ಗಾಳಿ ನೋಡುವುದು ಅಂದರೆ ಅದೇ."

ಹೊನ್ನಾಳಿಯವಳು ತಟ್ಟನೆ ಎದ್ದು ಕೂತಳು. "ಏ, ಸುಮ್ನಿರೇ ನೀನು. ಹೋಗೋ ಹೊತ್ನಾಗೆ ಏನೇನೋ ಮಾತಾಡಬ್ಯಾಡ."

ಸುಮ್ಮನಿರಲಿಲ್ಲ ಅವಳು. ದಿಂಬಿನ ಕೆಳಗೆ ಕೈ ಹಾಕಿ ನಾಲ್ಕು ಪದರ ಮಡಿಸಿದ ಒಂದು ಕುಬುಸದ ಕಣ ತೆಗೆದಳು. ಬಾಣಂತನ ಮುಗಿಸಿ ತವರಿನಿಂದ ಹೊರಟಾಗ ಉಡಿಯಲ್ಲಿ ಹಾಕಿದ್ದ ಹಸಿರು ಕಣ. ನಾಲ್ಕೂ ಮೂಲೆಗೆ ದಾರ ಹೊಲಿದಿತ್ತು, ಜಾಲರಿಯ ಸಂದಿಗೆ ಕಟ್ಟಲು. ಬಟ್ಟೆಯ ನಡುವೆ ಜಾಲರಿಯದೇ ಅಚ್ಚು, ಬೂದು ಬಣ್ಣದ ಚೌಕ ಚೌಕ ಧೂಳು.

"ಬಂದಾಗಿಂದ ಕಟ್ಟೀನ್ರಿ," ಅಂದಳು. "ನಿಮ್ಮ ಮನುಷ್ಯ ಮೀಟ್ರು ಹಿಡ್ಕೊಂಡು ಇಳಿಯೋ ಹೊತ್ನಾಗೆ ಬಿಚ್ಚಿ, ಅವನು ಹೋದ ಮ್ಯಾಲೆ ಕಟ್ಟೀನಿ. ನಮ್ ಮನ್ಯಾಗೆ ಕೆಮ್ಮು ಬಂದೋರು ಮರಿ ಗೂಡಿನ ಹತ್ರ ಹೋಗಂಗಿಲ್ರಿ. ನಮ್ ಮಾವ ಉಬ್ಬಸದಾಗೂ ಮುಖಕ್ಕೆ ಟವಲ್ ಕಟ್ಕೊಂಡು ಕುರಿ ಮೇಯ್ಸಿದೋನು. ಪ್ರಾಣ ತೆಗೆಯಂಗಿಲ್ಲ ಅಂತ ದಿನಾ ಸಂಜೆ ಪಂಚಶೀಲ ಅನ್ನೋವಾಗ ಬಾಯಾಗೆ ಹೇಳ್ತೀವಿ, ಮಲಗೋದು ಅವಕ್ಕೆ ರೋಗದ ಉಸಿರು ಬಿಡ್ತಾ ಅಂದ್ರೆ ಹೆಂಗ್ರಿ?"

ಕಾವಲು ಕೂತಿದ್ದು ಹೊನ್ನಾಳಿಯವಳು. ಮೆಟ್ಟಿಲಲ್ಲೋ ಬಾಗಿಲಲ್ಲೋ ಯಾರದಾದರೂ ಸದ್ದಾದರೆ ಇವಳು ಜೋರಾಗಿ ಕೆಮ್ಮುವುದು, ಅವಳು ಬಿಚ್ಚುವುದು. ದಾರ ಹೊಲಿದದ್ದು ನ್ಯಾಮತಿಯವಳು. ಮೂವರೂ ಸೇರಿ ಮಾಡಿದ ದಯೆ. ನಾನು ಸ್ಟೂಲಿನ ಮೇಲೆ ಕೂತುಬಿಟ್ಟೆ. ಉಳಿದ ಎರಡು ಜಾಲರಿಗಳಿಂದ ರೋಗವಿಲ್ಲದ ಗಾಳಿ ಮೇಲೆ ಹೋಗುತ್ತಿತ್ತು, ರೋಗವಿದ್ದ ಗಾಳಿ ಅವಳ ಬಾಣಂತನದ ಬಟ್ಟೆಯಲ್ಲಿ ನಿಲ್ಲುತ್ತಿತ್ತು. ಅಷ್ಟು ದಿನ ನಾವು ಅಳೆದದ್ದು ಬರೀ ಒಳ್ಳೆಯ ಗಾಳಿಯನ್ನು.

"ಬೈರಿ ಮೇಡಂ, ಬೈದ್ಬಿಡ್ರಿ," ಅಂದಳು ಹೊನ್ನಾಳಿಯವಳು. ನಾನು ಡಾಕ್ಟರಿಗೆ ಹೇಳಿಕಳಿಸಿದೆ.

ಸೊಕ್ಕೆಯವಳು ಕೇಳಿದ್ದು ಒಂದೇ. "ಈಗ ಹೋಗಬೌದಾ, ಬ್ಯಾಡ್ವಾ?"

ಡಾಕ್ಟರು ಬಂದರು, ನಿಂತೇ ಕೇಳಿಸಿಕೊಂಡರು. ಅವರು ಸುಳ್ಳು ಹೇಳಲಿಲ್ಲ, ಒತ್ತಾಯವನ್ನೂ ಮಾಡಲಿಲ್ಲ. ಕಫ ಪರೀಕ್ಷೆಯ ಪ್ರಕಾರ ಹೋಗಬಹುದು. ಮೂರನೆಯ ಕಲ್ಚರ್ ಬರುವವರೆಗೆ ಖಾತ್ರಿ ಮಾತ್ರ ಕೊಡಲಾರೆ. ಮಾಸ್ಕ್ ಹಾಕಿಕೊಂಡು, ಬೇರೆ ಮಲಗಿದರೆ ಅಪಾಯ ಕಡಿಮೆ.

"ಒಂದೇ ಕ್ವಾಣೆ ಸರ್ ನಮ್ದು," ಅಂದಳು ಅವಳು.

ಮರುದಿನ ಗಂಡ ಬಂದ. ವರಾಂಡದ ಈ ತುದಿಯಲ್ಲಿ ಅವಳು, ಆ ತುದಿಯಲ್ಲಿ ಅವನು, ನಡುವೆ ಗಾಳಿಗೆ ಬಿಟ್ಟ ಅಂತರ. ಅವಳ ಚೀಲ ಕಟ್ಟಿಯೇ ಇತ್ತು.

"ಇನ್ನೊಂದ್ ತಿಂಗಳು ಇರ್ತೀನಿ," ಅಂದಳು. "ಬಟ್ಟೆ ತೆಗೆದೀನಿ. ಅವೇನು ಹೇಳ್ತಾವೋ ಕೇಳ್ಕೊಂಡು ಬರ್ತೀನಿ."

"ಇಲಿ ಮಾತು ಕೇಳ್ಕೊಂಡು ಮನಿ ಬಿಡ್ತೀಯೇನೇ?"

"ನಿಮ್ಮವ್ವನ ಮಾತು ಕೇಳ್ಕೊಂಡು ಬಿಟ್ಟೀನಲ್ಲ, ಇದೂ ಒಂದು."

ಅವನಿಗೆ ನಗು ಬಂತು, ಆಮೇಲೆ ಬೇರೆ ಕಡೆ ತಿರುಗಿ ನಿಂತ. ತಂದಿದ್ದ ಕಾರದ ಮಂಡಕ್ಕಿ ಪೊಟ್ಟಣವನ್ನು ನೆಲದ ಮೇಲಿಟ್ಟು, ಹಿಂದೆ ಸರಿದು, ಅವಳು ಬಂದು ತೆಗೆದುಕೊಳ್ಳುವವರೆಗೆ ನಿಂತಿದ್ದು, ಬಸ್ಸಿಗೆ ಹೋದ.

ಅವಳು ನನ್ನಲ್ಲಿ ಕೇಳಿಕೊಂಡದ್ದು ಒಂದು. "ಒಂದ್ಸಲ ಅವನ್ನ ನೋಡಬೇಕ್ರಿ." ರೋಗಿಗಳು ಮೇಲೆ ಹೋಗುವಂತಿಲ್ಲ. ಅಟೆಂಡರ್ ತನ್ನ ಫೋನಿನಲ್ಲಿ ವಿಡಿಯೋ ಹಚ್ಚಿ ಪಂಜರದಿಂದ ಪಂಜರಕ್ಕೆ ಹೋದ. ಕಿವಿಯ ಮೇಲೆ ಕಂದು ಮಚ್ಚೆಯಿದ್ದ ಒಂದು ಪ್ರಾಣಿ ಪರದೆಗೆ ಮೂಗು ತಾಗಿಸಿ ಮೂಸಿತು. "ಇದ್ಯಾಕ್ ಹಿಂಗೆ ತಿಂತಾ ಇರತೈತೆ?" ಅಂದಳು. ಆಮೇಲೆ ಫೋನಿಗೇ ಮೆಲ್ಲಗೆ, "ತಪ್ಪು ತಿಳ್ಕೋಬ್ಯಾಡ್ರವ್ವ. ನನ್ ಕೂಸು ಸಣ್ಣದೈತೆ."

ಬಟ್ಟೆ ಬಿಚ್ಚಿದರೂ ಅವಳ ಅಭ್ಯಾಸ ಬಿಡಲಿಲ್ಲ. ಕೆಮ್ಮು ಬಂದರೆ ಮುಖ ತಾನಾಗಿಯೇ ಜಾಲರಿಯಿಂದ ಆಚೆ ತಿರುಗುತ್ತಿತ್ತು. ಹಾಗಾದರೆ ಪರೀಕ್ಷೆ ಪೂರ್ತಿಯಾಗದೇನೋ ಅಂತ ಅವಳಿಗೇ ಅನುಮಾನ ಬಂದು, ಮತ್ತೆ ಈಚೆ ತಿರುಗಿ, ಕಣ್ಣು ಮುಚ್ಚಿಕೊಂಡು ಗೋಡೆಯ ಕಡೆ ಕೆಮ್ಮುತ್ತಿದ್ದಳು. ಹಾಗೆ ಮಾಡಬೇಕಿಲ್ಲ, ಸಹಜವಾಗಿರು ಅಂತ ಎಷ್ಟು ಸಲ ಹೇಳಿದರೂ ಕೇಳಲಿಲ್ಲ. ಅಷ್ಟು ವರ್ಷದ ಕೆಲಸದಲ್ಲಿ ಒಬ್ಬ ರೋಗಿ ನನ್ನ ಪ್ರಯೋಗಕ್ಕೆ ಅಷ್ಟು ಕಷ್ಟಪಟ್ಟು ನೆರವಾದದ್ದು ನಾನು ಕಂಡಿಲ್ಲ. ದಿನವೂ ಕೇಳುತ್ತಿದ್ದಳು, "ಮಚ್ಚೆ ಕಿವೀದು ಉಂಡಿತೇನ್ರಿ?" ಉಂಡಿತು, ಅನ್ನುತ್ತಿದ್ದೆ. ಅದು ನಿಜವೇ ಆಗಿತ್ತು.

ಉಬ್ಬು ಓದುವ ದಿನ ಬಂತು. ಮೊದಲು ಸೋಸಿದ ಗಾಳಿಯ ಕೋಣೆ. ಒಂದೂ ಇಲ್ಲ. ಕೈಗವಸು ಬದಲಿಸಿ ನೇರ ಗಾಳಿಯ ಕೋಣೆಗೆ ಹೋದೆವು. ಮೊದಲ ಪಂಜರದ್ದನ್ನು ಅಟೆಂಡರ್ ಹಿಡಿದುಕೊಟ್ಟ. ಬೆರಳು ಇಡುವ ಮೊದಲೇ ಕಣ್ಣಿಗೆ ಕಂಡಿತು. ಎರಡನೆಯದು. ಅದರ ಪಕ್ಕದ್ದು. ಒಂದು ಬಿಟ್ಟು ಮತ್ತೊಂದು. ಅಟೆಂಡರ್ ಮೆಲ್ಲಗೆ, "ಸೂಜಿ ಚುಚ್ಚಿದ್ದಕ್ಕೆ ಬಾತಿರಬೌದಲ್ರಿ ಮೇಡಂ?" ಅಂದ. ನಾನು ಮತ್ತೆ ಮೊದಲಿನಿಂದ ಅಳೆದೆ. ಅಳತೆ ಬದಲಾಗಲಿಲ್ಲ. ಮಚ್ಚೆ ಕಿವಿಯದು ನನ್ನ ಅಂಗೈಯಲ್ಲಿ ಬೆಚ್ಚಗೆ ಕೂತು ಸೊಪ್ಪಿನ ಚೀಲದ ಕಡೆಗೇ ನೋಡುತ್ತಿತ್ತು. ಅದರ ಪಕ್ಕೆಯ ಮೇಲೂ ಇತ್ತು.

ಉಬ್ಬಿದವನ್ನು ನಿಯಮದಂತೆ ನಿದ್ದೆಗೆ ಕಳಿಸಿ ತೆರೆದು ನೋಡಬೇಕು. ಇದನ್ನು ನಾನು ಎಷ್ಟೋ ಸಲ ಮಾಡಿದ್ದೇನೆ. ಶ್ವಾಸಕೋಶ ನಸುಗೆಂಪು, ಸ್ವಚ್ಛ, ನೋಡಲು ಚೆಂದ. ಅದರ ಅಂಚಿನಲ್ಲಿ ರಾಗಿಕಾಳಿಗಿಂತ ಸಣ್ಣದೊಂದು ಬಿಳಿಚುಕ್ಕೆ. ಒಂದೇ ಒಂದು. ಅಂದರೆ ಒಂದೇ ಉಸಿರಿನಲ್ಲಿ, ಒಂದೇ ಕಡೆ ಬಂದು ಕೂತದ್ದು. ಚುಕ್ಕೆಯನ್ನು ಕತ್ತರಿಸಿ, ಅರೆದು, ಕಲ್ಚರಿಗೆ ಹಾಕಿದೆವು. ಇದಕ್ಕೆ ಬೂಷ್ಟು ಹಿಡಿಯಲಿಲ್ಲ.

ಉಬ್ಬು ಕಂಡ ದಿನವೇ ಮಧ್ಯಾಹ್ನ ಕೆಳಗಿಳಿದಿದ್ದೆ. ಅವಳು ನನ್ನ ಮುಖ ನೋಡಿದಳು. ಮಾಸ್ಕ್ ಇದ್ದರೂ ಕಣ್ಣು ಇರುತ್ತದಲ್ಲ.

"ಮಚ್ಚೆ ಕಿವೀದಕ್ಕೂ ಬಂತೇನ್ರಿ?"

ಕಾನ್ವೆಂಟಿನಲ್ಲಿ ನಮಗೆ ಸುಳ್ಳಿನ ಬಗ್ಗೆ ಬಹಳ ಹೇಳಿಕೊಟ್ಟಿದ್ದರು. ನಿಜ ಹೇಳುವುದು ಹೇಗೆ ಅಂತ ಹೇಳಿಕೊಡಲಿಲ್ಲ. "ಬಂತಮ್ಮ," ಅಂದೆ.

"ನನ್ದೇನಾ? ಇವರದಲ್ವಾ?"

"ನಿನ್ನದೇ."

ಹೊನ್ನಾಳಿಯವಳು, ಯಾವತ್ತೂ ಬಾಯಿ ಮುಚ್ಚದವಳು, ಗೋಡೆಯ ಕಡೆ ತಿರುಗಿ ಮಲಗಿದಳು. ಸೊಕ್ಕೆಯವಳು ಅಳಲಿಲ್ಲ. ಕೈಬೆರಳು ಮಡಿಸುತ್ತ ಏನೋ ಎಣಿಸಿದಳು. ಆಮೇಲೆ ಹೇಳಿದಳು, "ಹೋಗಿದ್ರೆ ಇಷ್ಟೊತ್ತಿಗೆ ಕೂಸು ನನ್ ಮಗ್ಗುಲಾಗೇ ಮಲಗಿರ್ತಿತ್ತು."

ಪ್ರಾಣಿಯಿಂದ ಬೆಳೆದ ರೋಗಾಣುವೂ, ಅವಳ ಮೂರನೆಯ ಕಲ್ಚರಿನದೂ ಒಂದೇ ಎಂದು ಬಂತು. ಅದರ ಜೊತೆಗೇ ಇನ್ನೊಂದು ಬಂತು. ಹೊಸ ಗುಳಿಗೆಗಳಲ್ಲಿ ಮುಖ್ಯವಾದದ್ದಕ್ಕೇ ಅವಳ ರೋಗಾಣು ಬಗ್ಗುತ್ತಿರಲಿಲ್ಲ. ಅಷ್ಟು ದಿನ ಅವಳು ವಾಂತಿ ತಡೆದುಕೊಂಡು ನುಂಗಿದ್ದು ವ್ಯರ್ಥ. ಡಾಕ್ಟರು ಆ ದಿನವೇ ಔಷಧಿ ಬದಲಿಸಿದರು, ಮೇಲಧಿಕಾರಿಗಳಿಗೆ ಫೋನು ಹಚ್ಚಿ ಸುಲಭಕ್ಕೆ ಸಿಗದ ಗುಳಿಗೆಗಳನ್ನು ತರಿಸಿದರು. ಅವರ ಕೋಣೆಯಲ್ಲಿ ಕೂತು ನಾವಿಬ್ಬರೂ ಒಂದು ಲೆಕ್ಕವನ್ನು ಮನಸ್ಸಿನಲ್ಲೇ ಮಾಡಿದೆವು, ಬಾಯಿಬಿಟ್ಟು ಆಡಲಿಲ್ಲ. ಜಾಲರಿ ಮೊದಲಿನಿಂದ ತೆರೆದಿದ್ದರೆ ಮೊದಲ ಪರೀಕ್ಷೆಯಲ್ಲೇ ಪ್ರಾಣಿಗಳು ಉಬ್ಬುತ್ತಿದ್ದವು. ಗುಳಿಗೆ ಕೆಲಸ ಮಾಡುತ್ತಿಲ್ಲವೆಂಬ ಅನುಮಾನ ಆಗಲೇ ಹುಟ್ಟುತ್ತಿತ್ತು. ಅವು ಅವಳ ಪರವಾಗಿ ಕೂಗಿ ಹೇಳಲು ಕೂತಿದ್ದವು. ಅವು ಬದುಕಲಿ ಅಂತ ಅವಳು ಅವುಗಳ ಬಾಯಿ ಮುಚ್ಚಿದ್ದಳು.

ಮಳೆ ಹಿಡಿಯುವ ಹೊತ್ತಿಗೆ ಅವಳು ತುಂಬಾ ಇಳಿದುಹೋಗಿದ್ದಳು. ನ್ಯಾಮತಿಯವಳು ಹುಷಾರಾಗಿ ಮನೆಗೆ ಹೋದಳು. ಹೊನ್ನಾಳಿಯವಳಿಗೂ ಹೋಗಲು ಹೇಳಿದರು. "ಇನ್ನೊಂದ್ ವಾರ ಇರ್ತೀನಿ ಬಿಡ್ರಿ, ಹೋಟ್ಲಾಗೆ ಹೋದ್ರೆ ಲೋಟ ತೊಳೆಯೋದೇಯ," ಅಂತ ಏನೋ ನೆಪ ಹೇಳಿ ಉಳಿದು ಇವಳ ತಲೆ ಬಾಚುತ್ತಿದ್ದಳು. ಸಂಜೆ ಹೊತ್ತು ಗಂಡ ಫೋನು ಮಾಡಿ ಮಗುವನ್ನು ತೋರಿಸುತ್ತಿದ್ದ. ಮಗು ಹೊಸ್ತಿಲು ಹಿಡಿದು ನಿಲ್ಲುವುದನ್ನು ಅವಳು ಮಾಸ್ಕ್ ಕಟ್ಟಿಕೊಂಡೇ ನೋಡಿದಳು. ಒಂದು ಮಧ್ಯಾಹ್ನ ಕೆಮ್ಮಿನ ಜೊತೆ ರಕ್ತ ಬಂತು, ನಿಲ್ಲಲಿಲ್ಲ. ನಾನು ಮೇಲೆ ಹೊಸ ಪ್ರಾಣಿಗಳ ಪಕ್ಕೆಯ ಕೂದಲು ಕತ್ತರಿಸುತ್ತಿದ್ದೆ. ಅಟೆಂಡರ್ ಓಡಿ ಬಂದು ಬಾಗಿಲಲ್ಲಿ ನಿಂತ. ಕೈಯಲ್ಲಿದ್ದ ಪ್ರಾಣಿಯನ್ನು ಪಂಜರಕ್ಕೆ ಬಿಟ್ಟು, ಚಿಲಕ ಹಾಕಿ, ಕೈ ತೊಳೆದು, ನಿಯಮದಂತೆ ಗೌನು ಬದಲಿಸಿ ಇಳಿದೆ. ಅಷ್ಟು ಹೊತ್ತಿಗೆ ಮುಗಿದಿತ್ತು. ಹೊನ್ನಾಳಿಯವಳು ಅವಳ ಪಾದ ಹಿಡಿದುಕೊಂಡು ಕೂತಿದ್ದಳು.

ಮನೆಯಲ್ಲಿ ರೋಗಿ ಇದ್ದಲ್ಲಿನ ಮಕ್ಕಳಿಗೂ ಚರ್ಮದ ಪರೀಕ್ಷೆ ಮಾಡುತ್ತಾರೆ. ಸೊಕ್ಕೆಯ ಮಗುವಿಗೆ ಅಲ್ಲಿನ ಆರೋಗ್ಯ ಕೇಂದ್ರದವರು ಚುಚ್ಚಿದರು. ಓದಲು ನಾನು ಬರುತ್ತೇನೆ ಅಂತ ಕೇಳಿಕೊಂಡೆ. ನನ್ನ ಕೆಲಸವಲ್ಲ ಅದು, ಆದರೂ ಯಾರೂ ಬೇಡ ಅನ್ನಲಿಲ್ಲ. ದಾವಣಗೆರೆಯಲ್ಲಿ ಬಸ್ಸು ಬದಲಿಸಿ ಜಗಳೂರಿಗೆ, ಅಲ್ಲಿಂದ ಆಟೋದಲ್ಲಿ. ನಮ್ಮ ಕಡೆ ಮೋಡ ಇಳಿದಿದ್ದರೆ ಅಲ್ಲಿ ಬಿಸಿಲು, ಮೆಕ್ಕೆಜೋಳ ಮೊಣಕಾಲೆತ್ತರ. ಪ್ರಾಣಿಕೋಣೆಯಿಂದ ಬಂದವಳೆಂದು, ಕೂಸಿನ ಹತ್ತಿರ ಹೋಗುವ ಮೊದಲು ಹೊಸ ಮಾಸ್ಕ್ ಕಟ್ಟಿಕೊಂಡೆ.

ಗಂಡ ಕಟ್ಟೆಯ ಮೇಲೆ ಕೂತಿದ್ದ. ನೀರು ಬಿಡುವ ಹೊತ್ತಾಗಿದ್ದರೂ ಹೋಗಿರಲಿಲ್ಲ.

"ಮೇಡಂ, ಒಂದ್ ಮಾತು. ಅವಳು ಆ ಬಟ್ಟೆ ಕಟ್ಟದೇ ಇದ್ದಿದ್ರೆ ಉಳೀತಿದ್ಲೇನ್ರಿ?"

"ಗೊತ್ತಿಲ್ಲಪ್ಪ," ಅಂದೆ. ಅದು ನಿಜ. ಉಳಿಯುತ್ತಿದ್ದಳು ಅಂತ ಯಾವ ವಿಜ್ಞಾನವೂ ಹೇಳಲಾರದು. ಅವನು ತಲೆಯಾಡಿಸಿದ. ಅವನಿಗೆ ಅದು ಸಾಲಲಿಲ್ಲ ಅಂತ ನನಗೆ ಗೊತ್ತಾಯಿತು. ನನಗೂ ಸಾಲಲಿಲ್ಲ.

ಅತ್ತೆ ಮಗುವನ್ನು ತೊಡೆಯ ಮೇಲಿಟ್ಟುಕೊಂಡು ತೋಳು ಚಾಚಿ ಹಿಡಿದಳು. ಬಾಗಿ ನೋಡಿದೆ. ಚುಚ್ಚಿದ ಗುರುತು ಸೊಳ್ಳೆ ಕಚ್ಚಿದಷ್ಟು. ಕಣ್ಣು ಮುಚ್ಚಿ ಹೆಬ್ಬೆರಳಿನಿಂದ ಒತ್ತಿದೆ, ಮೇಲಿನಿಂದ ಕೆಳಗೆ, ಪಕ್ಕದಿಂದ ಪಕ್ಕಕ್ಕೆ. ಮೃದು. ಎಲ್ಲೂ ಏನೂ ಇಲ್ಲ. ಮತ್ತೊಮ್ಮೆ ಒತ್ತಿದೆ.

"ಏನ್ ಹೇಳ್ತೈತ್ರಿ?" ಅತ್ತೆ ಕೇಳಿದಳು.

"ಏನೂ ಇಲ್ಲಮ್ಮ. ಮಗು ಚೆನ್ನಾಗಿದೆ. ಒಂದು ಚೂರೂ ತಗುಲಿಲ್ಲ."

ಅವಳು ಸೆರಗು ಬಾಯಿಗಿಟ್ಟುಕೊಂಡಳು. ನಾನು ತಲೆ ಎತ್ತಿದಾಗ ಮಗು ನನ್ನ ಮುಖವನ್ನೇ ನೋಡುತ್ತಿತ್ತು. ಈ ಸುಕ್ಕು ಮುಖಕ್ಕೆ, ಕನ್ನಡಕಕ್ಕೆ ಹೆದರಬೇಕಿತ್ತು. ಬದಲಿಗೆ ಎರಡೂ ಕೈ ಮುಂದೆ ಮಾಡಿ, ನನ್ನ ಮಾಸ್ಕಿಗೆ ಅಂಗೈ ಹಚ್ಚಿ, "ಅವ್ವ," ಅಂದಿತು.

"ಹಂಗಂತಿರತೈತ್ರಿ ಅದು," ಅತ್ತೆ ಅಂದಳು. "ನರ್ಸಮ್ಮ ಬಂದಾಗ್ಲೂ ಹಂಗೇ ಅಂತು. ಫೋನಿನಾಗೆ ಅವ್ವ ಅಂತ ನೋಡಿದ್ದು ಮಾಸ್ಕನ್ನೇ ಅಲ್ಲೇನ್ರಿ."

ಎತ್ತಿಕೊಳ್ಳಿ ಅಂತ ಮಗು ವಾಲಿಬಂತು. ಎತ್ತಿಕೊಂಡೆ. ಅಷ್ಟು ಭಾರ ಇರುತ್ತದೆಂದು ಅಂದುಕೊಂಡಿರಲಿಲ್ಲ. ಸೆಖೆಗೆ ಮಾಸ್ಕಿನೊಳಗೆ ಉಸಿರು ಕಟ್ಟುತ್ತಿತ್ತು, ಕನ್ನಡಕ ಮಂಜಾಗಿತ್ತು. ಆಟೋದವನು ಎರಡು ಸಲ ಹಾರನ್ ಹೊಡೆದ. ನಾನು ಮಾಸ್ಕ್ ತೆಗೆಯಲಿಲ್ಲ.